ದಿನಕ್ಕೆ ಎಷ್ಟು ಗಂಟೆ ಸ್ಟೀರಿಂಗ್ ಹಿಡೀಬೇಕು? ಹೊರಡೋ ಮುಂಚೆ ಈ ಲೆಕ್ಕ ಹಾಕ್ಕೊಳ್ಳಿ

ಲಾಂಗ್ ಟ್ರಿಪ್ ಪ್ಲ್ಯಾನ್ ಮಾಡೋವಾಗ ನಾವೆಲ್ಲ ಹೆಚ್ಚುಕಮ್ಮಿ ಒಂದೇ ಥರ ಶುರು ಮಾಡ್ತೀವಿ. ಮೊಬೈಲಲ್ಲಿ ಮ್ಯಾಪ್ ತೆಗೆದು ಇಲ್ಲಿಂದ ಅಲ್ಲಿಗೆ ಅಂತ ಹಾಕಿ ನೋಡ್ತೀವಿ, ಅದು 9 ಗಂಟೆ 20 ನಿಮಿಷ ಅಂತ ತೋರಿಸತ್ತೆ, ಓ ಹಾಗಾದ್ರೆ ಬೆಳಗ್ಗೆ ಆರಕ್ಕೆ ಹೊರಟ್ರೆ ಮಧ್ಯಾಹ್ನ ಮೂರೂವರೆಗೆಲ್ಲ ರೂಮಲ್ಲಿ ಕಾಲು ಚಾಚಿ ಮಲಗಿರ್ತೀವಿ ಅಂತ ಮನೆಮಂದಿಗೆಲ್ಲ ಹೇಳಿಬಿಡ್ತೀವಿ. ಆಮೇಲೆ ಏನಾಗತ್ತೆ ಅಂತ ನಿಮಗೂ ಗೊತ್ತು. ರಾತ್ರಿ ಎಂಟಾದ್ರೂ ಇನ್ನೂ 70 ಕಿಲೋಮೀಟರ್ ಬಾಕಿ, ಹಿಂದಿನ ಸೀಟಲ್ಲಿ ಚಿಕ್ಕದು ಅಳ್ತಿರತ್ತೆ, ಪಕ್ಕದ ಸೀಟಿಂದ ಮಾತೇ ಬರಲ್ಲ. ನನಗೆ ಇದು ಒಂದ್ಸಲ ಅಲ್ಲ, ಮೂರು ಸಲ ಆದ್ಮೇಲೆ ಬುದ್ಧಿ ಬಂತು.

ಮ್ಯಾಪ್ ಸುಳ್ಳು ಹೇಳಿಲ್ಲ. ಅದು ಹೇಳಿದ್ದು ಚಕ್ರ ಉರುಳೋ ಟೈಮು, ಮನೆಮಂದಿ ಸಮೇತ ಹೋಗಿ ತಲುಪೋ ಟೈಮಲ್ಲ. ಮೊದಲನೇ ಕೆಲಸ ಇವೆರಡನ್ನ ಬೇರೆ ಮಾಡೋದು.

ಮೊದಲು ಮ್ಯಾಪ್ ಟೈಮಿಗೆ ಕಾಲುಭಾಗ ಸೇರಿಸಿ

ಅದೇ 9 ಗಂಟೆ 20 ನಿಮಿಷ ಇಟ್ಕೊಂಡು ನೋಡೋಣ. ಎರಡು ಗಂಟೆಗೊಂದು ಸಲ ನಿಲ್ಲಿಸಬೇಕು ಅನ್ನೋದು ನಾನು ಕಟ್ಟಿದ ನಿಯಮ ಅಲ್ಲ, ಬ್ರಿಟನ್ನಿನ ಹೈವೇ ಕೋಡಲ್ಲೇ ಪ್ರತಿ ಎರಡು ಗಂಟೆಗೆ ಕಡಿಮೆ ಅಂದ್ರೂ 15 ನಿಮಿಷ ರೆಸ್ಟ್ ತಗೊಳ್ಳಿ ಅಂತ ಬರೆದಿದ್ದಾರೆ. ಸರಿ, ನಾಲ್ಕು ಸಲ ನಿಲ್ಲಿಸ್ತೀವಿ ಅಂದ್ಕೊಳ್ಳಿ. ಅದರಲ್ಲಿ ಒಂದು ಊಟಕ್ಕೆ, 50 ನಿಮಿಷ. ಮಿಕ್ಕ ಮೂರು ತಲಾ 20, ಯಾಕಂದ್ರೆ ಮಕ್ಕಳಿದ್ದಾಗ 15 ನಿಮಿಷದ ಬ್ರೇಕ್ ಅನ್ನೋದು ಪುಸ್ತಕದಲ್ಲಿ ಮಾತ್ರ ಇರತ್ತೆ. ಪೆಟ್ರೋಲಿಗೆ ಒಂದು 15. "ಅಪ್ಪಾ ಅರ್ಜೆಂಟು" ಅನ್ನೋದು ಕಡಿಮೆ ಅಂದ್ರೂ ಎರಡು ಸಲ, ತಲಾ 10. ಎಲ್ಲ ಕೂಡಿದ್ರೆ 145 ನಿಮಿಷ, ಒಟ್ಟು 11 ಗಂಟೆ 45 ನಿಮಿಷ ಆಯ್ತು. ಆರಕ್ಕೆ ಅಂತ ಹೇಳಿ ಆರೂಮುಕ್ಕಾಲಿಗೆ ಹೊರಡ್ತೀರಲ್ಲ, ಅದು ಬೇರೆ.

ಇಷ್ಟೆಲ್ಲ ಕೂಡೋ ವ್ಯವಧಾನ ಇಲ್ಲ ಅಂದ್ರೆ ಮ್ಯಾಪ್ ಹೇಳಿದ ಟೈಮನ್ನ 1.25ರಿಂದ ಗುಣಿಸಿ, ಸುಮಾರಾಗಿ ಇದೇ ಬರತ್ತೆ. ಕೈಗೂಸು ಇದ್ರೆ 1.4ರಿಂದ ಗುಣಿಸಿ. ಇನ್ನೊಂದು, ಮ್ಯಾಪನ್ನ ರಾತ್ರಿ ಹತ್ತಕ್ಕೆ ಹಾಸಿಗೆ ಮೇಲೆ ಮಲಗಿ ನೋಡಿದ್ರೆ ಅದು ಆ ಹೊತ್ತಿನ ಖಾಲಿ ರೋಡಿನ ಲೆಕ್ಕ ಕೊಡತ್ತೆ, ಹಾಗಾಗಿ ನೀವು ನಿಜವಾಗ್ಲೂ ಹೊರಡೋ ದಿನ, ಹೊರಡೋ ಟೈಮು ಸೆಟ್ ಮಾಡಿ ನೋಡಿ, ಆ ಆಪ್ಷನ್ ಒಳಗಡೆ ಇದೆ, ಜನ ಮುಟ್ಟೋದೇ ಇಲ್ಲ.

ಆಮೇಲೆ ದಿನದ ಮಿತಿ ಗೆರೆ ಎಳೀರಿ

ಇಲ್ಲೊಂದು ಮಾತು. "ನಾನು ಒಂದೇ ಸಿಟ್ಟಿಂಗಲ್ಲಿ 14 ಗಂಟೆ ಓಡಿಸಿದೀನಿ ಗುರೂ" ಅನ್ನೋ ಒಬ್ಬ ಎಲ್ಲರ ನೆಂಟರಲ್ಲೂ ಇರ್ತಾನೆ. ಅವನಿಗೆ ನಮಸ್ಕಾರ ಹಾಕಿ ಮುಂದಕ್ಕೆ ಹೋಗಿ. ಹೊಟ್ಟೆಪಾಡಿಗೆ ಇದೇ ಕೆಲಸ ಮಾಡೋರ ಮಿತಿ ಎಷ್ಟಿದೆ ಅಂತ ನೋಡಿ ಸಾಕು. ಯುರೋಪಿಯನ್ ಒಕ್ಕೂಟದಲ್ಲಿ ಲಾರಿ, ಬಸ್ ಡ್ರೈವರ್‌ಗಳು ದಿನಕ್ಕೆ 9 ಗಂಟೆ ಓಡಿಸಬಹುದು, ವಾರದಲ್ಲಿ ಎರಡು ದಿನ ಮಾತ್ರ 10ರ ತನಕ, ಅದೂ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ಬ್ರೇಕ್ ಕಡ್ಡಾಯ. ಅಮೆರಿಕದಲ್ಲಿ ಟ್ರಕ್ಕಿನವರಿಗೆ 11 ಗಂಟೆ, ಆದ್ರೆ ಅದಕ್ಕೆ ಮುಂಚೆ ಸತತ 10 ಗಂಟೆ ಡ್ಯೂಟಿ ಇಲ್ಲದೆ ಇರಬೇಕು. ಭಾರತದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಸಾಮಾನ್ಯ ಲೆಕ್ಕ ದಿನಕ್ಕೆ 8 ಗಂಟೆ, ವಾರಕ್ಕೆ 48 ಅಂತ ಇತ್ತು. ವರ್ಷಪೂರ್ತಿ ರೋಡಲ್ಲೇ ಇರೋರಿಗೇ ಇಷ್ಟು ಅಂದ್ಮೇಲೆ, ದಿನಾ ಆಫೀಸಿಗೆ ಮುಕ್ಕಾಲು ಗಂಟೆ ಓಡಿಸೋ ನಾವು ಧುತ್ತಂತ 11 ಗಂಟೆ ಕೂತ್ಕೋತೀವಿ ಅನ್ನೋದು ಎಲ್ಲಿಯ ಲೆಕ್ಕ?

ನನ್ನ ಅಳತೆ ಹೀಗಿದೆ: ಒಬ್ಬರೇ ಓಡಿಸೋದು, ಜೊತೇಲಿ ಮಕ್ಕಳು ಅಂದ್ರೆ ಚಕ್ರದ ಟೈಮು 6ರಿಂದ 7 ಗಂಟೆ. ಏನೇ ಆದ್ರೂ 8 ದಾಟಬಾರದು. ಇಬ್ಬರು ಓಡಿಸ್ತೀರ ಅಂದ್ರೆ ಡಬಲ್ ಅಲ್ಲ ಕಣ್ರೀ, ಜಾಸ್ತಿ ಅಂದ್ರೆ ಇನ್ನೊಂದು ಗಂಟೆ, ಒಂದೂವರೆ ಗಂಟೆ. ಯಾಕಂದ್ರೆ ಓಡಿಸದೆ ಇರೋರು ಆರಾಮಾಗಿ ಮಲಗಿರಲ್ಲ, ಮಗೂಗೆ ನೀರು ಕೊಡ್ತಾ ದಾರಿ ಹೇಳ್ತಾ ಹಿಂದೆ ತಿರುಗಿ ಜಗಳ ಬಿಡಿಸ್ತಾ ಕೂತಿರ್ತಾರೆ, ಅವರ ಸರದಿ ಬರೋ ಹೊತ್ತಿಗೆ ಅವರೂ ಸುಸ್ತು.

ಕಿಲೋಮೀಟರ್ ಮರೆತುಬಿಡಿ

"ದಿನಕ್ಕೆ 500 ಕಿಲೋಮೀಟರ್ ಹೊಡೀಬಹುದು" ಅನ್ನೋ ಮಾತಿಗೆ ಅರ್ಥಾನೇ ಇಲ್ಲ. ಘಾಟಿ ರೋಡಲ್ಲಿ ಗಂಟೆಗೆ 30 ಹೋದ್ರೆ ದೊಡ್ಡದು. ಮತ್ತೆ ಸರಾಸರಿ ಲೆಕ್ಕದಲ್ಲಿ ಒಂದು ಮೋಸ ಇದೆ: ಅರ್ಧ ದೂರ 80ರಲ್ಲಿ, ಇನ್ನರ್ಧ 40ರಲ್ಲಿ ಹೋದ್ರೆ ಸರಾಸರಿ 60 ಅಂತ ಎಲ್ಲರೂ ಥಟ್ಟಂತ ಹೇಳ್ತಾರೆ, ಅಲ್ಲ, 53 ಬರತ್ತೆ. ನಿಧಾನದ ರೋಡಲ್ಲಿ ನಾವು ಡಬಲ್ ಟೈಮ್ ಕಳೀತೀವಲ್ಲ, ಅದಕ್ಕೆ. ಅಂದ್ರೆ ಕೆಟ್ಟ ರೋಡು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ತಿನ್ನತ್ತೆ, ಒಳ್ಳೆ ರೋಡು ಅಂದ್ಕೊಂಡಷ್ಟು ವಾಪಸ್ ಕೊಡಲ್ಲ.

ಸ್ಪೀಡಾಗಿ ಹೋಗಿ ಕವರ್ ಮಾಡ್ಕೋತೀನಿ ಅನ್ನೋದೂ ಇದೇ ಥರದ ಭ್ರಮೆ. 60 ಕಿಲೋಮೀಟರಿನ ಖಾಲಿ ರೋಡನ್ನ 100ರಲ್ಲಿ ಹೋದ್ರೆ 36 ನಿಮಿಷ, 120ರಲ್ಲಿ ಹೋದ್ರೆ 30. ಉಳಿದಿದ್ದು ಆರು ನಿಮಿಷ, ಟಾಯ್ಲೆಟ್ ಕ್ಯೂನಲ್ಲಿ ಹೋಗತ್ತೆ ಅದು.

ನಿದ್ದೆ ವಿಷಯ, ಇದನ್ನ ಮಾತ್ರ ಪೂರ್ತಿ ಓದಿ

ದೇಹಕ್ಕೆ ಅದರದ್ದೇ ಗಡಿಯಾರ ಇದೆ, ಅದು ದಿನಕ್ಕೆ ಎರಡು ಸಲ ನಮ್ಮನ್ನ ಕೆಳಗೆ ಎಳಿಯತ್ತೆ. ಒಂದು ರಾತ್ರಿ ಎರಡರಿಂದ ಬೆಳಗ್ಗೆ ಆರರ ತನಕ, ಇನ್ನೊಂದು ಮಧ್ಯಾಹ್ನ ಎರಡರಿಂದ ನಾಲ್ಕರ ಆಸುಪಾಸು. ಮಧ್ಯಾಹ್ನದ್ದು ಊಟದಿಂದ ಬರೋದು ಅಂತ ಜನ ಅಂದ್ಕೋತಾರೆ, ಊಟ ಅದನ್ನ ಜಾಸ್ತಿ ಮಾಡತ್ತೆ ನಿಜ, ಆದ್ರೆ ಊಟ ಬಿಟ್ರೂ ಅದು ಬರತ್ತೆ. ಹಾಗಾಗಿ ಉದ್ದದ ಬ್ರೇಕನ್ನ ಎರಡು ಗಂಟೆ ಹೊತ್ತಿಗೆ ಇಟ್ಕೊಳ್ಳಿ, ಇಬ್ಬರು ಡ್ರೈವರ್ ಇದ್ರೆ ಆ ಹೊತ್ತಿಗೆ ಕೈ ಬದಲಾಯಿಸಿ.

ಈಗ "ಟ್ರಾಫಿಕ್ ಇರಲ್ಲ, ಬೆಳಗಿನ ಜಾವ ಮೂರಕ್ಕೆ ಹೊರಟುಬಿಡೋಣ" ಅನ್ನೋ ಐಡಿಯಾ. ರೋಡ್ ಖಾಲಿ ಇರತ್ತೆ, ಒಪ್ಕೋತೀನಿ. ಆದ್ರೆ ಬ್ಯಾಗ್ ತುಂಬೋದು ಮುಗಿದು ಮಲಗಿದ್ದು ಹನ್ನೊಂದೂವರೆಗೆ, ಎದ್ದಿದ್ದು ಎರಡೂವರೆಗೆ, ಮೂರು ಗಂಟೆ ನಿದ್ದೆ ಇಟ್ಕೊಂಡು ದೇಹ ಅತೀ ಮಂಕಾಗಿರೋ ಹೊತ್ತಲ್ಲಿ ಸ್ಟೀರಿಂಗ್ ಹಿಡೀತೀವಿ. ಅದಕ್ಕಿಂತ ಅಪಾಯ ಆಫೀಸ್ ಮುಗಿಸಿ ರಾತ್ರಿ ಹೊರಡೋದು. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದು ಏನಂದ್ರೆ, ಸತತ 17 ಗಂಟೆ ಎಚ್ಚರ ಇದ್ದೋರ ಕೈಚಳಕ, ಗಮನ ಎಲ್ಲ ರಕ್ತದಲ್ಲಿ 0.05 ಪರ್ಸೆಂಟ್ ಆಲ್ಕೋಹಾಲ್ ಇದ್ದೋರ ಮಟ್ಟಕ್ಕೆ ಇಳಿದಿರತ್ತೆ. ಬೆಳಗ್ಗೆ ಆರಕ್ಕೆ ಎದ್ದಿದ್ರೆ ರಾತ್ರಿ ಹನ್ನೊಂದಕ್ಕೆ 17 ಗಂಟೆ ಆಯ್ತು, ನೀವು ಆಗಷ್ಟೇ ಊರು ದಾಟಿ ಹೈವೇ ಹತ್ತಿರ್ತೀರ. ಒಂದು ತೊಟ್ಟೂ ಕುಡಿದಿರಲ್ಲ ಪಾಪ.

ತೂಕಡಿಕೆ ಅಂದ್ರೆ ತಲೆ ಬಾಗಿ ಬೀಳೋದಷ್ಟೇ ಅಲ್ಲ, ಮೂರು ನಾಲ್ಕು ಸೆಕೆಂಡ್ ಮೆದುಳು ಆಫ್ ಆಗಿ ಆನ್ ಆಗತ್ತೆ, ಎಷ್ಟೋ ಸಲ ನಮಗೇ ಗೊತ್ತಾಗಲ್ಲ. 100ರ ಸ್ಪೀಡಲ್ಲಿ ಗಾಡಿ ಸೆಕೆಂಡಿಗೆ 28 ಮೀಟರ್ ಹೋಗತ್ತೆ, ನಾಲ್ಕು ಸೆಕೆಂಡಿಗೆ 110 ಮೀಟರ್ ಯಾರೂ ಓಡಿಸದೆ ಹೋದ ಹಾಗೆ. ಕಳೆದ ಐದು ಕಿಲೋಮೀಟರ್ ಹೇಗೆ ಬಂತು ನೆನಪಿಲ್ಲ, ತಿರುವಿನ ಬೋರ್ಡ್ ಮಿಸ್ ಆಯ್ತು, ಲೇನ್ ಗೆರೆ ಮೇಲೆ ಟೈರ್ ಹೋಗ್ತಿದೆ, ಆಕಳಿಕೆ ಮೇಲೆ ಆಕಳಿಕೆ, ಇವುಗಳಲ್ಲಿ ಯಾವುದು ಕಂಡ್ರೂ ನಿಲ್ಲಿಸಿ. ಕಿಟಕಿ ಇಳಿಸೋದು, ಜೋರಾಗಿ ಹಾಡು ಹಾಕೋದು, ಕೆನ್ನೆಗೆ ಹೊಡ್ಕೊಳ್ಳೋದು ಒಂದೆರಡು ಕಿಲೋಮೀಟರ್ ಆಟ ಅಷ್ಟೆ. ಕೆಲಸ ಮಾಡೋ ಉಪಾಯ ಇರೋದು ಒಂದೇ: ಸೇಫಾದ ಕಡೆ ನಿಲ್ಲಿಸಿ ಒಂದು ಕಾಫಿ ಕುಡಿದು ತಕ್ಷಣ 20 ನಿಮಿಷ ಮಲಗೋದು. ಕೆಫೀನ್ ತಲೆಗೆ ಹತ್ತೋಕೆ 20ರಿಂದ 30 ನಿಮಿಷ ಬೇಕು, ಅಂದ್ರೆ ಎದ್ದಾಗ ಎರಡೂ ಒಟ್ಟಿಗೆ ಸಿಗತ್ತೆ. ಅಲಾರಂ ಇಡಿ, ಮುಕ್ಕಾಲು ಗಂಟೆ ಮಲಗಿಬಿಟ್ರೆ ಎದ್ದಮೇಲೆ ಇನ್ನೂ ಮಂಪರು. ಇದರಿಂದಲೂ ಒಂದೆರಡು ಗಂಟೆ ಸಿಗಬಹುದು, ರಾತ್ರಿ ನಿದ್ದೆಗೆ ಬದಲಿ ಅಂತೂ ಅಲ್ಲ.

ಕಾರಲ್ಲಿ ಯಾರ್ಯಾರಿದ್ದಾರೆ

ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅಂತಾರಲ್ಲ, ಫ್ಯಾಮಿಲಿ ಕಾರು ಅದೇ. ಇಲ್ಲಿ ಡ್ರೈವರ್ ತಾಕತ್ತು ಲೆಕ್ಕಕ್ಕಿಲ್ಲ, ಎಲ್ಲರಿಗಿಂತ ಬೇಗ ಸುಸ್ತಾಗೋರು ಯಾರೋ ಅವರ ಲೆಕ್ಕ. ಕೈಗೂಸನ್ನ ಕಾರ್ ಸೀಟಲ್ಲಿ ಸತತ ಎರಡು ಗಂಟೆಗಿಂತ ಜಾಸ್ತಿ ಕೂರಿಸಬಾರದು, ಕುತ್ತಿಗೆ ಬಾಗಿ ಉಸಿರಾಟಕ್ಕೆ ತೊಂದರೆ ಆಗಬಹುದು, ಹೊಸದಾಗಿ ಹುಟ್ಟಿದ ಮಗುವಾದ್ರೆ ಇನ್ನೂ ಬೇಗ ಬೇಗ ತೆಗೀಬೇಕು. ವಯಸ್ಸಾದವರಿಗೆ ಮೊಣಕಾಲು ಹಿಡಿಯತ್ತೆ ಅನ್ನೋದು ಒಂದಾದ್ರೆ, ನಾಲ್ಕು ಗಂಟೆ ಮೇಲೆ ಕದಲದೆ ಕೂತ್ರೆ ಕಾಲಿನ ರಕ್ತನಾಳದಲ್ಲಿ ಗಂಟು ಕಟ್ಟೋ ರಿಸ್ಕ್ ಜಾಸ್ತಿ ಆಗತ್ತೆ ಅನ್ನೋದು ಇನ್ನೊಂದು. ಹಾಗಾಗಿ ಪ್ರತಿ ಬ್ರೇಕಲ್ಲೂ ಇಳಿಸಿ ನಡೆಸಿ, "ನಾನು ಇಲ್ಲೇ ಕೂತಿರ್ತೀನಿ ನೀವು ಹೋಗ್ಬನ್ನಿ" ಅಂತ ಹೇಳೇ ಹೇಳ್ತಾರೆ, ಕೇಳಬೇಡಿ. ವಾಂತಿ ಮಾಡ್ಕೊಳ್ಳೋ ಮಕ್ಕಳಿದ್ರೆ ತಿರುವಿನ ರೋಡು ಊಟ ಆದ ಕೂಡ್ಲೇ ಬರದ ಹಾಗೆ ನೋಡ್ಕೊಳ್ಳಿ.

ಎಲೆಕ್ಟ್ರಿಕ್ ಗಾಡಿ ಇರೋರಿಗೆ ಬ್ರೇಕ್ ತಾನಾಗೇ ಸಿಗತ್ತೆ, ಊಟನ ಚಾರ್ಜಿಂಗ್ ಜಾಗಕ್ಕೆ ಹೊಂದಿಸಿದ್ರೆ ಮುಗೀತು. 80 ಪರ್ಸೆಂಟ್ ಆದ್ಮೇಲೆ ಫಾಸ್ಟ್ ಚಾರ್ಜಿಂಗ್ ನಿಧಾನ ಆಗತ್ತೆ, ಅಲ್ಲಿಗೆ ತೆಗೆದು ಹೊರಡಿ.

ಈಗ ಹಿಂದಿನಿಂದ ಮುಂದಕ್ಕೆ ಬನ್ನಿ

ಎಲ್ಲರೂ ಹೊರಡೋ ಟೈಮಿಂದ ಲೆಕ್ಕ ಶುರು ಮಾಡ್ತಾರೆ, ನೀವು ತಲುಪೋ ಟೈಮಿಂದ ಮಾಡಿ. ಹೋಗೋ ಜಾಗದಲ್ಲಿ ಆ ದಿನ ಸೂರ್ಯ ಎಷ್ಟು ಗಂಟೆಗೆ ಮುಳುಗ್ತಾನೆ ನೋಡಿ, ಅದಕ್ಕಿಂತ ಒಂದೂವರೆ ಗಂಟೆ ಮುಂಚೆ ತಲುಪಬೇಕು ಅಂತ ಇಟ್ಕೊಳ್ಳಿ. ಹೊಸ ಊರು, ಹೊಸ ರೋಡು, ಕತ್ತಲು, ಸುಸ್ತು ನಾಲ್ಕೂ ಒಟ್ಟಿಗೆ ಬೇಡ. ಉದಾಹರಣೆಗೆ ಸೂರ್ಯಾಸ್ತ 6:30 ಅಂದ್ರೆ ತಲುಪೋದು 5 ಗಂಟೆಗೆ. ಚಕ್ರದ ಟೈಮು 7 ಗಂಟೆ, 1.25ರಿಂದ ಗುಣಿಸಿದ್ರೆ 8 ಗಂಟೆ 45 ನಿಮಿಷ. ಹೊರಡಬೇಕಾಗಿದ್ದು 8:15ಕ್ಕೆ. ನೋಡಿದ್ರಾ, ಮೂರು ಗಂಟೆಗೆ ಎದ್ದು ಮಕ್ಕಳನ್ನ ನಿದ್ದೆಗಣ್ಣಲ್ಲಿ ಹೊತ್ಕೊಂಡು ಬರೋ ಸೀನೇ ಬೇಕಾಗಿಲ್ಲ, ತಿಂಡಿ ತಿಂದೇ ಹೊರಡಬಹುದು. ಸಂಜೆ ಹೊತ್ತು ಪಶ್ಚಿಮಕ್ಕೆ ಮುಖ ಮಾಡಿ ಹೋಗೋ ರೋಡಾದ್ರೆ ಬಿಸಿಲು ನೇರ ಕಣ್ಣಿಗೇ ಹೊಡಿಯತ್ತೆ, ಆಗ ಇನ್ನೊಂದು ಅರ್ಧ ಗಂಟೆ ಮುಂಚೆ ಎಳ್ಕೊಳ್ಳಿ.

ಹಲವು ದಿನದ ಟ್ರಿಪ್ ಆದ್ರೆ ಸಮಸಮ ಹಂಚಬೇಡಿ. ಮ್ಯಾಪಲ್ಲಿ ಒಟ್ಟು 22 ಗಂಟೆ ಇದೆ ಅಂದ್ಕೊಳ್ಳಿ. 11, 11 ಅಂತ ಎರಡು ದಿನಕ್ಕೆ ಮುರಿಯೋದು ಮೊದಲನೇ ಯೋಚನೆ, ಅದನ್ನ ಬಿಡಿ. ನಾನು 5, 7, 4, 6 ಅಂತ ನಾಲ್ಕು ದಿನಕ್ಕೆ ಹಾಕ್ತೀನಿ. ಮೊದಲನೇ ದಿನ ಕಡಿಮೆ, ಯಾಕಂದ್ರೆ ಹಿಂದಿನ ರಾತ್ರಿ ಯಾರೂ ಸರಿಯಾಗಿ ಮಲಗಿರಲ್ಲ, ಗ್ಯಾಸ್ ಆಫ್ ಮಾಡಿದ್ವಾ ಅಂತ ಒಂದ್ಸಲ ವಾಪಸ್ ಬರೋದೂ ಇರತ್ತೆ. ಎರಡನೇ ದಿನ ಎಲ್ಲರೂ ಹುರುಪಲ್ಲಿ ಇರ್ತಾರೆ, ಉದ್ದದ ದಿನ ಅವತ್ತೇ ಇರಲಿ. ಮೂರನೇ ದಿನ ಸುಸ್ತು ಮೇಲೆ ಬರತ್ತೆ, ಸೊಂಟ ನೋವು, ಸಿಡಿಮಿಡಿ, ಸಣ್ಣಸಣ್ಣದಕ್ಕೆ ಜಗಳ, ಅವತ್ತು ನಾಲ್ಕು ಗಂಟೆ ಸಾಕು, ಮಧ್ಯಾಹ್ನಕ್ಕೆ ಇಳಿದು ಎಲ್ಲಾದ್ರೂ ಸುತ್ತಾಡಿ. ಐದಾರು ದಿನಕ್ಕಿಂತ ಜಾಸ್ತಿ ಟ್ರಿಪ್ ಅಂದ್ರೆ ಮಧ್ಯೆ ಒಂದು ದಿನ ಕಾರಿನ ಕೀ ಬ್ಯಾಗಿಂದ ತೆಗೀಲೇಬೇಡಿ.

ಪ್ರತಿ ದಿನಕ್ಕೂ ಎರಡು ಊರು ಗುರುತು ಹಾಕಿ, ಒಂದು ಹೋಗಬೇಕು ಅಂತಿರೋದು, ಇನ್ನೊಂದು ಅದಕ್ಕಿಂತ ಒಂದೂವರೆ ಗಂಟೆ ಹಿಂದೆ ಇರೋದು. ಸಂಜೆ ನಾಲ್ಕು ಗಂಟೆ ಹೊತ್ತಿಗೆ ಹಿಂದಿನ ಊರೇ ತಲುಪಿಲ್ಲ ಅಂದ್ರೆ ಅವತ್ತು ಅಲ್ಲೇ ರಾತ್ರಿ. ಇದನ್ನ ಮನೇಲೇ ತೀರ್ಮಾನ ಮಾಡಿರಬೇಕು, ರೋಡಲ್ಲಿ ಮಾತಾಡೋಕೆ ಹೋದ್ರೆ "ಇನ್ನೇನು ಬಂದೇಬಿಡ್ತು" ಅನ್ನೋದೇ ಗೆಲ್ಲತ್ತೆ, ಸುಸ್ತಾದ ಡ್ರೈವರಿಗೆ ತಾನು ಸುಸ್ತಾಗಿದ್ದೀನಿ ಅಂತ ಕೊನೇಗೇ ಗೊತ್ತಾಗೋದು. ಹಾಗಾಗಿ ನಿಲ್ಲಿಸು ಅನ್ನೋ ಅಧಿಕಾರ ನಮ್ಮನೇಲಿ ಪಕ್ಕದ ಸೀಟಿಗೆ, ಅದಕ್ಕೆ ಅಪೀಲಿಲ್ಲ. ರೂಮ್ ಬುಕ್ ಮಾಡೋವಾಗ ಕ್ಯಾನ್ಸಲ್ ಮಾಡೋಕೆ ಆಗೋದನ್ನೇ ಮಾಡಿ, ದುಡ್ಡು ಹೋಗತ್ತಲ್ಲಾ ಅಂತಾನೇ ಎಷ್ಟೋ ಜನ ರಾತ್ರಿ ಓಡಿಸೋದು.

ವಾಪಸ್ ಬರೋ ದಾರಿಗೆ ಯಾರೂ ಪ್ಲ್ಯಾನೇ ಮಾಡಲ್ಲ. ಹೋಗೋವಾಗ ನಾಲ್ಕು ದಿನ ತಗೊಂಡೋರು ಬರೋವಾಗ "ದಾರಿ ಗೊತ್ತಲ್ಲ, ಎರಡು ದಿನಕ್ಕೆ ಬಂದುಬಿಡೋಣ" ಅಂತಾರೆ, ಇದ್ದಬದ್ದ ಶಕ್ತಿಯೆಲ್ಲ ತಿರುಗಾಡಿ ಖರ್ಚಾಗಿರತ್ತೆ, ರಜೆನೂ ಮುಗಿದಿರತ್ತೆ. ಬರೋದಕ್ಕೂ ಅದೇ 6ರಿಂದ 7 ಗಂಟೆ ಮಿತಿ ಇಡಿ, ಭಾನುವಾರ ರಾತ್ರಿ ಹನ್ನೊಂದಕ್ಕೆ ಮನೆ ಸೇರೋ ಪ್ಲ್ಯಾನ್ ಇದ್ರೆ ನೋಡೋ ಜಾಗ ಒಂದನ್ನ ಕಿತ್ತುಹಾಕಿ ಶನಿವಾರ ಸಂಜೆಗೆ ತನ್ನಿ. ಭಾನುವಾರ ಪೂರ್ತಿ ಬಟ್ಟೆ ಒಗೆಯೋಕೇ ಬೇಕು ಹೇಗಿದ್ರೂ.