ದಿಬ್ಬದ ಮೇಲಿನ ಬಾಣಂತನ

ಬೇಸಿಗೆಗೆ ಆಲಮಟ್ಟಿ ಹಿನ್ನೀರು ಇಳಿಯತೊಡಗಿದರೆ ಬೀಳಗಿ ಕಡೆಯ ನಮ್ಮ ಪುನರ್ವಸತಿ ಊರಿನೆದುರು ಘಟಪ್ರಭೆಯಲ್ಲಿ ಒಂದು ದಿಬ್ಬ ಮೇಲೇಳುತ್ತದೆ. ಗರಸು, ಒಡೆದ ಹಂಚು, ಯಾರದೋ ಮನೆಯ ಅಡಿಪಾಯದ ಕಲ್ಲು. ನದಿ ರೀವಗಳು ಮೊಟ್ಟೆ ಇಡುವುದು ಅಲ್ಲಿಯೇ. ಕಪ್ಪು ನೆತ್ತಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಬಾಲದ ಈ ಹಕ್ಕಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಳಿವಿನ ಭೀತಿಯದು. ಗೂಡೆಂದರೆ ಗರಸಿನಲ್ಲಿ ಕೆರೆದುಕೊಂಡ ಅಂಗೈಯಗಲದ ತಗ್ಗು, ಅಷ್ಟೇ. ಅದರಲ್ಲಿ ಎರಡೋ ಮೂರೋ ಮೊಟ್ಟೆ, ಮಣ್ಣಬಣ್ಣಕ್ಕೆ ಕಂದು ಮಚ್ಚೆ. ಕಾಲ ಬುಡಕ್ಕೆ ಬಂದರೂ ಕಾಣವು.

ಮೊದಲ ವರ್ಷ ತಪ್ಪು ಮಾಡಿದವನು ನಾನೇ. ಹಕ್ಕಿ ಉಳಿಯಬೇಕಾದರೆ ಜನ ನೋಡಬೇಕು ಅಂದುಕೊಂಡು ಜೊತೆಗಿನ ಶಿಕ್ಷಕರನ್ನು ಕರೆದುಕೊಂಡು ನಡುಮಧ್ಯಾಹ್ನ ದಿಬ್ಬಕ್ಕೆ ಹೋದೆ. ಫೋಟೊ ತೆಗೆಯುತ್ತ ಅರ್ಧ ತಾಸು ನಿಂತೆವು. ಹರಗೋಲು ಹಾಕಿದ್ದ ಅಂಬಿಗ ಕಾಕಾ ಕೊನೆಗೆ ಅಂದರು: “ಮಾಸ್ತರ್, ನೀವು ನಿಂತಷ್ಟೊತ್ತೂ ಅವು ಮ್ಯಾಲೆ ಚೀರಾಕತ್ತಾವ, ಕೆಳಗ ತತ್ತಿ ಬೇಯಾಕತ್ತಾವ.”

ಆ ಮಾತು ಇವತ್ತಿಗೂ ಚುಚ್ಚುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ 40 ಡಿಗ್ರಿ ಅಪರೂಪವಲ್ಲ, ಗರಸು ಅದಕ್ಕಿಂತ ಕಾದಿರುತ್ತದೆ. ಹಗಲು ಹಕ್ಕಿ ಮೊಟ್ಟೆ ಮೇಲೆ ಕೂರುವುದು ಕಾವು ಕೊಡಲಿಕ್ಕಲ್ಲ, ನೆರಳಿಗೆ. ನೀರಿಗಿಳಿದು ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗೆ ತಂಪು ಮಾಡುತ್ತದೆ. ಅದನ್ನು ಎಬ್ಬಿಸಿದರೆ ಮೊಟ್ಟೆ ತುಳಿಯಬೇಕೆಂದೇ ಇಲ್ಲ, ಬಿಸಿಲೇ ಸಾಕು. ಮರುವರ್ಷದಿಂದ ಯಾರೂ ದಿಬ್ಬ ಹತ್ತುವುದಿಲ್ಲ, ನಾನೂ. ದಂಡೆಯಿಂದಲೇ ದುರ್ಬೀನಿನಲ್ಲಿ ಎಣಿಸುತ್ತೇನೆ.

ಕಷ್ಟದ್ದು ಕುರಿಯ ಪ್ರಶ್ನೆ. ಮೇ ಹೊತ್ತಿಗೆ ನೀರು ಇನ್ನೂ ಇಳಿದು ದಿಬ್ಬ ದಂಡೆಗೆ ಕೂಡುತ್ತದೆ. ಅಂಚಿಗೆ ಹಸಿ ಹುಲ್ಲು, ಹಿಂಡು ಬರದೇ ಇರುತ್ತದೆಯೇ? ಹಿಂದೆ ನಾಯಿಗಳು. ಮರಿಗಳು ಮೊಟ್ಟೆಯೊಡೆದು ಬಂದ ಕೆಲ ದಿನಕ್ಕೇ ತಗ್ಗು ಬಿಟ್ಟು ಕಲ್ಲಿನ ಮರೆಗೆ ಸೇರುವುದರಿಂದ ಕಾವಲು ಮೊಟ್ಟೆಗೆ ಮುಗಿಯುವುದಿಲ್ಲ. ನಾನು 1972ರ ವನ್ಯಜೀವಿ ಕಾಯ್ದೆಯ ಮಾತೆತ್ತಿದಾಗ ಕುರಿಗಾರರು ಮುಖ ತಿರುಗಿಸಿದರು. ಅದು ಸಹಜ. ಆಮೇಲೊಂದು ಸಂಜೆ ಅವರ ಹಟ್ಟಿಯಲ್ಲಿ ಕೂತು, ಅದು ಬಾಣಂತಿ ಇರೋ ಜಾಗ ಅಂದೆ. ಹಿರಿಯರೊಬ್ಬರು ತಲೆದೂಗಿದರು: “ಹಂಗಂದ್ರ ತಿಳೀತರಿ. ಕುರಿ ಈಯೂವಾಗ ನಾವೂ ಹೊರಗಿನವರನ್ನ ಒಳಗ ಬಿಡೂದಿಲ್ಲ. ಆದ್ರ ಹಿಂಡಿಗೆ ಮೇವು?”

ಆ ಪ್ರಶ್ನೆಗೆ ಉತ್ತರ ಕೊಡದೆ ಏನೂ ಆಗುತ್ತಿರಲಿಲ್ಲ. ಮೇಲ್ದಂಡೆಯ ರೈತರ ಮನೆಮನೆಗೆ ಹೋದೆವು. ಬೆಳೆ ಕಿತ್ತ ಹೊಲದಲ್ಲಿ ಗೊಬ್ಬರಕ್ಕೆ ಕುರಿ ತರುಬಿಸಿಕೊಳ್ಳುವುದು ಇಲ್ಲಿ ಹಳೆಯ ರೂಢಿ. ಆ ರೂಢಿಯನ್ನೇ ಏಪ್ರಿಲ್‌-ಮೇಗೆ ಹೊಂದಿಸಿದೆವು. ರೈತರಿಗೆ ಹಿಕ್ಕೆ, ಕುರಿಗೆ ಕೂಳೆ ಮೇವು, ಮೇಲೆ ಕುರಿಗಾರರಿಗೆ ಕಾಳು. ನಾನು ಬರೆದಿಟ್ಟ ಯಾವ ಯೋಜನೆಗಿಂತಲೂ ಇದು ಗಟ್ಟಿಯಾಗಿ ನಿಂತಿದೆ.

ಮೀನುಗಾರರು ಹೆಚ್ಚು ಹೇಳಿಸಿಕೊಳ್ಳಲಿಲ್ಲ. ಹರಗೋಲನ್ನು ಇನ್ನೊಂದು ತುದಿಗೆ ಕಟ್ಟುತ್ತಾರೆ, ಮೀನಿನ ತ್ಯಾಜ್ಯವನ್ನು ದಿಬ್ಬದ ಹತ್ತಿರ ಚೆಲ್ಲುವುದಿಲ್ಲ (ಕಾಗೆ, ನಾಯಿ ಬರುವುದೇ ಅದಕ್ಕೆ), ಹರಿದ ನೈಲಾನ್ ಬಲೆ ಬಿಟ್ಟುಬರುವುದಿಲ್ಲ. ಕ್ಯಾಮೆರಾ ಹಿಡಿದು ದೂರದಿಂದ ಬರುವವರಿಗೆ ಬುದ್ಧಿ ಹೇಳುವವರೂ ಈಗ ಅವರೇ.

ತಡವಾಗಿ ಇಟ್ಟ ಮೊಟ್ಟೆಗಳಿಗೆ ಮಾತ್ರ ನಮ್ಮಲ್ಲಿ ಉಪಾಯವಿಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ನೀರು ಏರುತ್ತದೆ. ಒಂದು ವರ್ಷ ಹಾಗೆ ದಿಬ್ಬದ ಅಂಚು ಮುಳುಗಿದ ಸಂಜೆ, ಹಕ್ಕಿಗಳು ನೀರಿನ ಮೇಲೆ ಸುತ್ತುತ್ತಲೇ ಇದ್ದವು. ಬಟ್ಟೆ ಒಗೆಯಲು ಬಂದಿದ್ದ ಆಯಿಯೊಬ್ಬಳು ಕೊಡ ಇಳಿಸಿ ಬಹಳ ಹೊತ್ತು ನೋಡಿದಳು. “ನಮ್ಮನ್ನ ಎಬ್ಬಿಸಿದಾಗ ಲಾರಿ ಆದ್ರೂ ಬಂದಿತ್ತು,” ಅಂದಳು. ಆ ದಿಬ್ಬದ ಮೇಲೆ ಆಕೆಯ ಅತ್ತೆಮನೆ ಇತ್ತಂತೆ. ಮರುವರ್ಷ ದಿಬ್ಬದ ಕಡೆ ಹೊರಟ ನಾಯಿಗಳನ್ನು ಬೆಳಗಿನಿಂದ ಓಡಿಸುತ್ತ ದಂಡೆಯಲ್ಲಿ ಕೂತಿದ್ದವಳು ಅವಳೇ.

ಈ ಸಲ ಜೂನ್ ಮೊದಲ ವಾರ ಹಟ್ಟಿಯ ಹಿರಿಯರ ಫೋನು ಬಂತು. “ಮಾಸ್ತರ್, ಮರಿ ಎಲ್ಲಾ ಹಾರಿದ್ವೇನ್ರಿ? ಹಿಂಡ ಹೊಡ್ಕೊಂಡು ಬರ್ಲ್ಯಾ?”

“ಇನ್ನೆರಡು ಉಳದಾವ್ರಿ,” ಅಂದೆ.

“ಆಯ್ತು ತಗೋರಿ, ನಾಲ್ಕ ದಿನ ಬಿಟ್ಟ ಕೇಳ್ತೀನಿ.”