ಪಾರ್ಟಿಗೆ ಮನೆಯಲ್ಲೇ ಚಾಕೊಲೇಟ್: ಹೊರಗೊಂದು ಬಗೆ, ಒಳಗೊಂದು ಬಗೆ

ಪಾರ್ಟಿಗೆ ಚಾಕೊಲೇಟ್ ಮಾಡುವಾಗ ನಾನು ಎರಡು ಬಗೆಯ ಸ್ಲ್ಯಾಬ್ ತರುತ್ತೇನೆ. ಅಚ್ಚಿಗೆ ಸುರಿಯಲು, ಮೇಲಿನ ಲೇಪಕ್ಕೆ ಕಾಂಪೌಂಡ್. ಒಳಗಿನ ಮೆತ್ತನೆ ಹೂರಣಕ್ಕೆ ಅಸಲಿ ಡಾರ್ಕ್ ಚಾಕೊಲೇಟ್. ಕಾಂಪೌಂಡ್‌ನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಹಾಗಾಗಿ ಕರಗಿಸಿ ಸುರಿದರೆ ಸಾಕು, ತಾನಾಗಿಯೇ ಗಟ್ಟಿಯಾಗುತ್ತದೆ. ಕೋಕೋ ಬೆಣ್ಣೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದನ್ನು ಟೆಂಪರ್ ಮಾಡಬೇಕು: ಡಾರ್ಕ್ ಆದರೆ 45–50 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗಿಸಿ, 27–28ಕ್ಕೆ ತಣಿಸಿ, ಮತ್ತೆ 31–32ಕ್ಕೆ ತರಬೇಕು. ತಪ್ಪಿದರೆ ಹೊಳಪಿಲ್ಲದ ಮೈ, ಮೇಲೆಲ್ಲ ಬೂದು ಪಟ್ಟೆ. ಐವತ್ತು ಅರವತ್ತು ತುಂಡು ಮಾಡಬೇಕಾದ ದಿನ ಈ ಸರ್ಕಸ್ ನನಗೆ ಬೇಡ. ಕಾಂಪೌಂಡ್ ಎಂದರೆ ಮೂಗು ಮುರಿಯುವವರಿದ್ದಾರೆ, ರುಚಿಯ ಮಟ್ಟಿಗೆ ಅವರ ಮಾತು ನಿಜವೇ. ಅದಕ್ಕೇ ಹೊರಪದರ ತೆಳ್ಳಗಿಟ್ಟು ರುಚಿಯನ್ನು ಒಳಗೆ ತುಂಬುತ್ತೇನೆ. ಎರಡನ್ನೂ ಒಟ್ಟಿಗೆ ಕರಗಿಸುವ ಜಾಣತನ ಮಾತ್ರ ಮಾಡಬೇಡಿ. ಆ ಎರಡು ಕೊಬ್ಬುಗಳು ಹೊಂದಿಕೊಳ್ಳುವುದಿಲ್ಲ; ಮಿಶ್ರಣ ಮೆತ್ತಗೇ ಉಳಿದು ಬೇಗ ಬೂದು ಹಿಡಿಯುತ್ತದೆ.

ಚಾಕೊಲೇಟ್ ಹೆಚ್ಚಾಗಿ ಕೆಡುವುದು ಕರಗಿಸುವಾಗಲೇ. ಕಡಲೆಕಾಳಿನಷ್ಟು ಸಣ್ಣ ಚೂರು ಮಾಡಿಕೊಳ್ಳುತ್ತೇನೆ. ಪಾತ್ರೆಯಲ್ಲಿ ಎರಡು ಬೆರಳು ನೀರು ಕುದಿಸಿ, ಒಲೆ ಆರಿಸಿ, ಮೇಲೆ ಬಟ್ಟಲು ಇಡುತ್ತೇನೆ. ಬಟ್ಟಲಿನ ತಳ ನೀರಿಗೆ ತಾಕಬಾರದು, ಅದರ ಅಂಚು ಪಾತ್ರೆಯ ಬಾಯನ್ನು ಪೂರ್ತಿ ಮುಚ್ಚಬೇಕು; ಸಂದಿಯಿಂದ ಏಳುವ ಆವಿ ಬಟ್ಟಲಿಗೇ ಬೀಳುತ್ತದೆ. ಮುಕ್ಕಾಲು ಪಾಲು ಕರಗಿದೊಡನೆ ಇಳಿಸಿ ಕಲಕಿದರೆ ಉಳಿದದ್ದು ಅದೇ ಕಾವಿನಲ್ಲಿ ಕರಗುತ್ತದೆ. ಮೈಕ್ರೋವೇವ್ ಆದರೆ 250 ಗ್ರಾಂಗೆ ಅರ್ಧ ಪವರ್‌ನಲ್ಲಿ ಮೊದಲು 30 ಸೆಕೆಂಡ್, ಆಮೇಲೆ 15 ಸೆಕೆಂಡಿನ ಕಂತುಗಳು, ಪ್ರತಿ ಸಲವೂ ತೆಗೆದು ಕಲಕಬೇಕು. ನೋಡಿ ಮೋಸಹೋಗಬೇಡಿ: ಚೂರುಗಳು ಆಕಾರ ಬಿಡದೆ ಕೂತಿದ್ದರೂ ಒಳಗೆ ಕರಗಿರುತ್ತವೆ, ಇನ್ನೂ ಬಿಟ್ಟರೆ ಸೀಯುತ್ತವೆ. ಮಿಲ್ಕ್ ಮತ್ತು ವೈಟ್‌ನಲ್ಲಿ ಹಾಲಿನ ಅಂಶ ಇರುವುದರಿಂದ ಅವು ಡಾರ್ಕ್‌ಗಿಂತ ಬೇಗ ಸೀಯುತ್ತವೆ. ಅವನ್ನು 45 ಡಿಗ್ರಿ ದಾಟಿಸುವುದಿಲ್ಲ.

ಒದ್ದೆ ಚಮಚದಿಂದ ಒಂದೆರಡು ಹನಿ ನೀರು ಬಿದ್ದರೂ ನಯವಾಗಿದ್ದ ಚಾಕೊಲೇಟ್ ತಟ್ಟನೆ ಒರಟು ಮುದ್ದೆಯಾಗುತ್ತದೆ. ಸಕ್ಕರೆಯ ಕಣಗಳು ತೇವ ಹೀರಿ ಒಂದಕ್ಕೊಂದು ಅಂಟಿಕೊಳ್ಳುವುದೇ ಕಾರಣ. ಅದು ಮತ್ತೆ ಲೇಪಕ್ಕೆ ಬರುವುದಿಲ್ಲ. ಆದರೆ ಬಿಸಾಡಬೇಕಿಲ್ಲ: ಬಿಸಿ ಕ್ರೀಮನ್ನು ಚಮಚ ಚಮಚವಾಗಿ ಹಾಕಿ ಕಲಕುತ್ತಾ ಹೋದರೆ ಒಳ್ಳೆಯ ಸಾಸ್ ಆಗುತ್ತದೆ. ಬಣ್ಣ, ಎಸೆನ್ಸ್ ಕೂಡ ಎಣ್ಣೆ ಆಧಾರದವೇ ಆಗಿರಬೇಕು. ಕೇಕಿಗೆ ಹಾಕುವ ನೀರು ಬಣ್ಣವೂ ಇದೇ ಅವಸ್ಥೆಗೆ ತರುತ್ತದೆ.

ನನ್ನ ಪಟ್ಟಿಯಲ್ಲಿ ಮೊದಲಿಗೆ ಬರುವುದು ಟ್ರಫಲ್, ಅಂದರೆ ಚಾಕೊಲೇಟ್ ಮತ್ತು ಕ್ರೀಮಿನ ಮೆತ್ತನೆ ಉಂಡೆ. 200 ಗ್ರಾಂ ಡಾರ್ಕ್ ಚಾಕೊಲೇಟ್, 100 ಮಿಲಿ ಕ್ರೀಮ್, 10 ಗ್ರಾಂ ಬೆಣ್ಣೆ, ಚಿಟಿಕೆ ಉಪ್ಪು. ಮಿಲ್ಕ್ ಅಥವಾ ವೈಟ್ ಬಳಸಿದರೆ ಅದೇ ಕ್ರೀಮಿಗೆ 300 ಗ್ರಾಂ ಬೇಕು, ಇಲ್ಲದಿದ್ದರೆ ಉಂಡೆ ನಿಲ್ಲುವುದಿಲ್ಲ. ಕ್ರೀಮಿನ ಅಂಚಿನಲ್ಲಿ ಗುಳ್ಳೆ ಎದ್ದೊಡನೆ ಚೂರುಗಳ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ಸಣ್ಣ ಸುತ್ತಿನಲ್ಲಿ ಕಲಕುತ್ತೇನೆ. ಗಾಳಿ ಸೇರುವಂತೆ ಬೀಸುವ ಅಗತ್ಯವಿಲ್ಲ. ಎಣ್ಣೆ ಬಿಟ್ಟುಕೊಂಡು ಒಡೆದಂತೆ ಕಂಡರೆ ಕಾವು ಹೆಚ್ಚಾಗಿದೆ ಅಥವಾ ದ್ರವ ಸಾಲದು ಎಂದರ್ಥ. ಬೆಚ್ಚಗಿನ ಹಾಲು ಒಂದೊಂದೇ ಚಮಚ ಸೇರಿಸಿ ಕಲಕಿದರೆ ಮತ್ತೆ ಕೂಡಿಕೊಳ್ಳುತ್ತದೆ.

ಫ್ರಿಜ್‌ನಲ್ಲಿ ಎರಡು ಗಂಟೆ ಇಟ್ಟು, 12 ಗ್ರಾಂನಂತೆ ತೂಗಿ ಉಂಡೆ ಕಟ್ಟಿದರೆ ಸುಮಾರು 25 ಬರುತ್ತವೆ. ಅಂಗೈಗೆ ಕೋಕೋ ಪುಡಿ ಸವರಿಕೊಂಡು ಮೂರು ನಾಲ್ಕು ಸುತ್ತಿನಲ್ಲೇ ಮುಗಿಸಬೇಕು, ಕೈಯ ಬಿಸಿ ತಗುಲಿದಷ್ಟೂ ಅಂಟುತ್ತದೆ. ಉಂಡೆಗಳನ್ನು ಇನ್ನೊಮ್ಮೆ 20 ನಿಮಿಷ ತಣಿಸಿ, ಅದ್ದುವ 10 ನಿಮಿಷ ಮೊದಲು ಹೊರಗಿಡುತ್ತೇನೆ. ತೀರಾ ತಣ್ಣಗಿರುವಾಗಲೇ ಅದ್ದಿದರೆ ಆಮೇಲೆ ಒಳಗಿನದು ಬೆಚ್ಚಗಾಗುತ್ತಾ ಹಿಗ್ಗಿ ಹೊರಪದರ ಬಿರುಕು ಬಿಡುತ್ತದೆ. ಲೇಪಕ್ಕೆ 300 ಗ್ರಾಂ ಕಾಂಪೌಂಡ್ ಕರಗಿಸಿ, ಅದು 40 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಫೋರ್ಕ್‌ನಿಂದ ಅದ್ದಿ, ಬಟ್ಟಲಿನ ಅಂಚಿಗೆ ತಟ್ಟಿ ಹೆಚ್ಚಿನದನ್ನು ಇಳಿಸಬೇಕು. ಇಷ್ಟೂ ಖರ್ಚಾಗುವುದಿಲ್ಲ, ಆದರೆ ಮುಳುಗಿಸಲು ಆಳ ಬೇಕಲ್ಲ! ಮಂದವಾದರೆ ಒಂದು ಚಮಚ ವಾಸನೆಯಿಲ್ಲದ ಎಣ್ಣೆ ಸಾಕು.

ಮಿಕ್ಕಿದ ಲೇಪಕ್ಕೆ ಹುರಿದ ಬಾದಾಮಿ ಚೂರೋ ಕಾರ್ನ್‌ಫ್ಲೇಕ್ಸೋ ಬೆರೆಸಿ ಬಟರ್ ಪೇಪರ್ ಮೇಲೆ ಚಮಚದಿಂದ ಗುಪ್ಪೆ ಗುಪ್ಪೆಯಾಗಿ ಇಟ್ಟರಾಯಿತು. 100 ಗ್ರಾಂ ಚಾಕೊಲೇಟಿಗೆ 75 ಗ್ರಾಂ ಬಾದಾಮಿ, ಫ್ಲೇಕ್ಸ್ ಆದರೆ 40 ಗ್ರಾಂ. ಬಾದಾಮಿ ಪೂರ್ತಿ ಆರಿರಲಿ.

ಅಚ್ಚುಗಳ ವಿಷಯದಲ್ಲಿ ತಾಳ್ಮೆ ಬೇಕು. ಒಣಗಿದ ಅಚ್ಚಿನ ಒಳಮೈಯನ್ನು ಹತ್ತಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಸುರಿದು, ಮೇಜಿಗೆ ನಾಲ್ಕು ಸಲ ಕುಟ್ಟಿ ಗಾಳಿಗುಳ್ಳೆ ಬಿಡಿಸಿ, 10–15 ನಿಮಿಷ ಫ್ರಿಜ್‌ನಲ್ಲಿಡಿ. ಪಾರದರ್ಶಕ ಅಚ್ಚಾದರೆ ತಿರುಗಿಸಿ ನೋಡಿ: ಒದ್ದೆಯಂತೆ ಕಪ್ಪಗೆ ಕಾಣುವ ಜಾಗ ಇನ್ನೂ ಅಂಟಿದೆ, ಮಸುಕಾಗಿರುವುದು ಬಿಟ್ಟಿದೆ. ಎಲ್ಲವೂ ಮಸುಕಾಗುವ ಮುನ್ನ ಒತ್ತಿದರೆ ಮೂಲೆ ಮುರಿಯುವುದು ಖಚಿತ. ಹೂರಣ ತುಂಬುವುದಾದರೆ ಅದು ಬಿಸಿ ಇರಬಾರದು, ಮೇಲೆ ಮುಚ್ಚಲು ಎರಡು ಮಿಲಿಮೀಟರ್ ಜಾಗ ಬಿಡಬೇಕು. ಆಸೆಬುರುಕತನದಿಂದ ತುಂಬಿದರೆ ಅಂಚು ಕೂಡದೆ ಸೋರುತ್ತದೆ.

ಫ್ರಿಜ್‌ನಿಂದ ತೆಗೆದ ಡಬ್ಬಿಯನ್ನು ತಕ್ಷಣ ತೆರೆಯಬೇಡಿ. ಕೋಣೆಯ ಕಾವಿಗೆ ಬರುವವರೆಗೆ ಮುಚ್ಚೇ ಇರಲಿ. ಇಲ್ಲವಾದರೆ ಮೇಲೆ ಬೆವರು ಕೂತು ಸಕ್ಕರೆ ಕರಗುತ್ತದೆ, ಒಣಗಿದಾಗ ಒರಟು ಬಿಳಿ ಪುಡಿಯಾಗಿ ಉಳಿಯುತ್ತದೆ. ಬೆರಳಿನಿಂದ ಉಜ್ಜಿದರೆ ಮಾಯವಾಗುವ ಬಿಳುಪು ಬೇರೆ, ಅದು ಕೊಬ್ಬು. ಕ್ರೀಮ್ ಇರುವ ಟ್ರಫಲ್ ಫ್ರಿಜ್‌ನಲ್ಲಿ ಐದು ದಿನಕ್ಕೆ ಮುಗಿಯಬೇಕು, ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಇಡುವುದಿಲ್ಲ.

ತಲೆಗೆ ಮೂರು ತುಂಡಿನ ಲೆಕ್ಕ ಹಾಕುತ್ತೇನೆ. ಬಾದಾಮಿ ಅಲರ್ಜಿ ಇರುವ ಅತಿಥಿ ಬರುವುದಾದರೆ ಆ ದಿನ ಬಾದಾಮಿಯನ್ನು ಅಡುಗೆಮನೆಗೇ ತರುವುದಿಲ್ಲ, ಸ್ಲ್ಯಾಬಿನ ಲೇಬಲ್ಲನ್ನೂ ಓದಿಯೇ ಕೊಳ್ಳುತ್ತೇನೆ.