ಊದಿನಕಡ್ಡಿ ಹಿಡಿದು ಕಂಪ್ಯೂಟರ್ ತಣ್ಣಗೆ ಮಾಡಿದ್ದು

ನಾನು ಗದಗಿನಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಅಕ್ಷತೆ ಬಿದ್ದ ದಿನವೇ ಸಂಜೆ ಪರದೆ ಮೇಲೆ ಚಿಕ್ಕ ವಿಡಿಯೋ ಬರಬೇಕು ಅಂತ ಈಗ ಬಹಳ ಮಂದಿ ಕೇಳುತ್ತಾರೆ. ಅದಕ್ಕೇ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹುಬ್ಬಳ್ಳಿಗೆ ಒಯ್ಯುವಂಥ ಕಂಪ್ಯೂಟರ್ ಜೋಡಿಸಿದೆ. ಸುಮಾರು 10 ಲೀಟರಿನ ಕೇಸ್, 17 ಸೆಂ.ಮೀ. ಚೌಕದ ಮಿನಿ ಐಟಿಎಕ್ಸ್ ಬೋರ್ಡ್, 12 ಕೋರಿನ ರೈಜನ್ 9 7900ಎಕ್ಸ್ ಪ್ರೊಸೆಸರ್. ಅದರ ಮೇಲೆ ಕೂರುವ ಕೂಲರ್ ಎತ್ತರ ಬರೀ 47 ಮಿ.ಮೀ.

ಈ ಪ್ರೊಸೆಸರ್ 230 ವ್ಯಾಟ್ ತನಕ ಎಳೆಯುತ್ತದೆ. ರೆಂಡರ್, ಅಂದರೆ ಎಡಿಟ್ ಆದದ್ದನ್ನು ಪೂರ್ತಿ ವಿಡಿಯೋ ಮಾಡುವ ಕೆಲಸ, ಹಚ್ಚಿದ ಅರ್ಧ ನಿಮಿಷಕ್ಕೆ 95 ಡಿಗ್ರಿ. ಅಷ್ಟಕ್ಕೇ ಸುಟ್ಟುಹೋಗುವುದಿಲ್ಲ, ಅಲ್ಲಿಗೆ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಆದರೆ ಫ್ಯಾನ್ ಒಂದೇ ಸಮ ಕಿರುಚುತ್ತಿತ್ತು. ಅವ್ವ ಬಂದು, "ಖೋಲ್ಯಾಗ ಒಲಿ ಹಚ್ಚಿದಂಗ ಆಗೇತಲ್ಲೋ" ಅಂದಳು.

ಮೊದಲು ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸಿದೆ. ಒಂದೆರಡು ಡಿಗ್ರಿ ಇಳಿಯಿತು, ಅಷ್ಟೇ.

ಆಮೇಲೆ ದೇವರ ಮನೆಯಿಂದ ಊದಿನಕಡ್ಡಿ ತಂದೆ. ಕೋಣೆಯ ಫ್ಯಾನ್ ಆರಿಸಿ, ಕೇಸಿನ ಪಕ್ಕದ ಜಾಲರಿ ಹತ್ತಿರ ಹಿಡಿದೆ. ಹೊಗೆ ಒಳಗೆ ಹೋಗುವುದರ ಬದಲು ಅಲ್ಲೇ ಸುತ್ತುತ್ತಿತ್ತು! ಕೂಲರಿನ ಫ್ಯಾನಿಗೂ ಜಾಲರಿಗೂ ನಡುವೆ ಎರಡು ಬೆರಳಿನಷ್ಟು ಸಂದಿ ಇತ್ತು. ಫ್ಯಾನು ಹೊರಗಿನ ಗಾಳಿ ಬಿಟ್ಟು, ತಾನೇ ಬಿಸಿ ಮಾಡಿದ ಗಾಳಿಯನ್ನು ಆ ಸಂದಿಯಿಂದ ಮತ್ತೆ ಎಳೆದುಕೊಳ್ಳುತ್ತಿತ್ತು. ಹುಬ್ಬಳ್ಳಿಯ ದುರ್ಗದಬೈಲಿಗೆ ಹೋದಾಗ ಬಾಗಿಲ ಸಂದಿಗೆ ಅಂಟಿಸುವ ಫೋಮ್ ಪಟ್ಟಿ ತಂದೆ. 92 ಮಿ.ಮೀ. ಫ್ಯಾನಿನ ಅಂಚಿಗೆ ಸುತ್ತಲೂ, ಜಾಲರಿಗೆ ತಾಗುವಷ್ಟು ಪದರ ಪದರವಾಗಿ ಅಂಟಿಸಿದೆ. ರೆಕ್ಕೆಗೆ ತಾಗದ ಹಾಗೆ ನೋಡಿಕೊಳ್ಳಬೇಕು, ಅದೊಂದೇ ಕಷ್ಟ. ಈ ಸಲ ಹೊಗೆ ಗೆರೆ ಎಳೆದಂತೆ ನೇರ ಒಳಗೆ ಹೋಯಿತು. ಆ ಖುಷಿಗೆ ಅವ್ವನನ್ನೂ ಕರೆದು ತೋರಿಸಿದೆ.

ಆದರೂ ಇಷ್ಟು ಚಿಕ್ಕ ಕೂಲರ್ 230 ವ್ಯಾಟಿನ ಬಿಸಿ ಹೊರಹಾಕಲಾರದು. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ, ಕಡಿಮೆ ವಿದ್ಯುತ್ತಿನಲ್ಲಿ ಓಡಿಸುವ 65 ವ್ಯಾಟಿನ ಇಕೋ ಮೋಡ್ ಹಾಕಿದೆ. ಹೆಸರು 65 ಆದರೂ ಪ್ರೊಸೆಸರಿಗೆ 88 ವ್ಯಾಟ್ ತನಕ ಸಿಗುತ್ತದೆ. ವೇಗ ಅರ್ಧಕ್ಕರ್ಧ ಬೀಳುತ್ತದೆ ಅಂತ ಹೆದರಿದ್ದೆ. 41 ನಿಮಿಷದ ರೆಂಡರ್ 45 ನಿಮಿಷ ಆಯಿತು, ಅಷ್ಟೇ. ಮೊದಲೂ ಬಿಸಿಗೆ ವೇಗ ಇಳಿಯುತ್ತಲೇ ಇತ್ತಲ್ವಾ? ಕೊನೆಯ ಅಷ್ಟು ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತಿತ್ತು. ಈಗ 78 ಡಿಗ್ರಿ ದಾಟುವುದಿಲ್ಲ.

ಗಾಳಿ ಊದುವ ಯಾವ ಕೂಲರೂ ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ನಮ್ಮ ಮಹಡಿ ಕೋಣೆಯ ಸ್ಲ್ಯಾಬ್ ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ಕಾದೇ ಇರುತ್ತದೆ. ಹಾಗಾಗಿ ಬೇಸಿಗೆಗೆ ಟೇಬಲ್ಲನ್ನು ಕೆಳಗಿನ ಪಡಸಾಲೆಗೆ ತಂದುಬಿಟ್ಟೆ.

ಧೂಳಿನದು ಮಾತ್ರ ಮುಗಿಯದ ಕೆಲಸ. ಎರಡು ವಾರಕ್ಕೇ ಜಾಲರಿ ಮುಚ್ಚಿಹೋಗುತ್ತದೆ. ಇವತ್ತು ಅದನ್ನು ಬಿಚ್ಚಿ, ತೊಳೆದು, ಕಟ್ಟೆ ಮೇಲೆ ಒಣಗಲು ಇಟ್ಟಿದ್ದೇನೆ. ಒಣಗಿದ ಮೇಲೆ ಹಾವೇರಿ ಮದುವೆಯ ರೆಂಡರ್ ಹಚ್ಚಬೇಕು.